ಗಣಿತದ ಕಾಮಿಕ್ಸ್: ಉದ್ದನೆಯ ಕಥೆಯೋ, ಒಂದೇ ಚಿತ್ರವೋ?

ಶಿಕ್ಷಕ ತರಬೇತಿಯಲ್ಲಿರುವವರಿಂದ ನಾನು ಎರಡು ಬಗೆಯ ಗಣಿತ ಕಾಮಿಕ್ಸ್ ಮಾಡಿಸಿ, ಎರಡನ್ನೂ ಮಕ್ಕಳ ಮುಂದೆ ಇಟ್ಟು ನೋಡಿದ್ದೇನೆ. ಒಂದು, ಆರೆಂಟು ಚೌಕಗಳ ಕಥೆ. ಇನ್ನೊಂದು, ಒಂದೇ ಚಿತ್ರ. ಅದರಲ್ಲಿ ಮೂರ್ನಾಲ್ಕು ಮಕ್ಕಳು ಒಂದೇ ಲೆಕ್ಕದ ಬಗ್ಗೆ ಬೇರೆಬೇರೆ ಮಾತಾಡುತ್ತಿರುತ್ತಾರೆ. ಇದಕ್ಕೆ ಕಾನ್ಸೆಪ್ಟ್ ಕಾರ್ಟೂನ್ ಅಂತ ಹೆಸರು. 1991ರಲ್ಲಿ ಬ್ರಿಟನ್ನಿನ ಬ್ರೆಂಡಾ ಕಿಯೋ ಮತ್ತು ಸ್ಟುವರ್ಟ್ ನೇಲರ್ ವಿಜ್ಞಾನ ಪಾಠಕ್ಕೆಂದು ಇದನ್ನು ರೂಪಿಸಿದರು. ಗಣಿತಕ್ಕೂ ಚೆನ್ನಾಗಿ ಒಗ್ಗುತ್ತದೆ.

ಕಥೆ ಅಂದರೆ ಟ್ರೈನಿಗಳಿಗೆ ಹುರುಪು ಜಾಸ್ತಿ. ಪಾತ್ರ, ಬಣ್ಣ, ತಮಾಷೆ ಎಲ್ಲಾ ಬರುತ್ತದೆ. ಗಣಿತ ಮಾತ್ರ ಕೊನೆಯ ಚೌಕಕ್ಕೆ ಸರಿಯುತ್ತದೆ. ನಿಧಿಯ ಪೆಟ್ಟಿಗೆ ತೆರೆಯಲು ಒಂದು ಭಿನ್ನರಾಶಿ ಲೆಕ್ಕ, ಜಾಣ ಪಾತ್ರ ಉತ್ತರ ಹೇಳಿತು, ಮುಗೀತು. ಅಲ್ಲಿ ಭಿನ್ನರಾಶಿ ತೆಗೆದು ಗುಣಾಕಾರ ಇಟ್ಟರೂ ಕಥೆ ಹಾಗೇ ನಡೆಯುತ್ತದೆ, ಅಲ್ವಾ? ಮಕ್ಕಳು ಖುಷಿಯಿಂದ ಓದುತ್ತಾರೆ, ಆದರೆ ಯೋಚಿಸಲು ಅಲ್ಲಿ ಏನೂ ಉಳಿದಿರುವುದಿಲ್ಲ.

ಒಂದೇ ಚಿತ್ರದಲ್ಲಿ ಹೀಗೆ ನುಣುಚಿಕೊಳ್ಳಲು ಆಗುವುದಿಲ್ಲ. 1/2 + 1/3 ಎಷ್ಟು? ಒಬ್ಬಳು ಅಂಶಕ್ಕೆ ಅಂಶ, ಛೇದಕ್ಕೆ ಛೇದ ಕೂಡಿ 2/5 ಅನ್ನುತ್ತಾಳೆ. ಪಕ್ಕದವನು, "2/5 ಅಂದ್ರೆ ಅರ್ಧಕ್ಕಿಂತ ಕಡಿಮೆ. ಅರ್ಧಕ್ಕೆ ಇನ್ನಷ್ಟು ಸೇರಿಸಿದ್ರೆ ಕಡಿಮೆ ಆಗುತ್ತಾ?" ಅನ್ನುತ್ತಾನೆ. ಈ ಮಾತು ಬರೆಯಬೇಕಾದರೆ ಮಗು ಎಲ್ಲಿ ಎಡವುತ್ತದೆ ಅಂತ ಟ್ರೈನಿಗೆ ಗೊತ್ತಿರಲೇಬೇಕು. ಸುಮ್ನೆ ಒಂದು ತಪ್ಪು ಸಂಖ್ಯೆ ಬರೆದರೆ ಯಾರೂ ಅದರ ಪರ ನಿಲ್ಲುವುದಿಲ್ಲ. ತಪ್ಪಿಗೂ ನಂಬುವಂಥ ಕಾರಣ ಬೇಕು. 35 ದೊಡ್ಡದು, 4 ಚಿಕ್ಕದು, ಹಾಗಾಗಿ 0.4ಕ್ಕಿಂತ 0.35 ದೊಡ್ಡದು ಅನ್ನುವ ಪಾತ್ರ ಬಂದರೆ ಚರ್ಚೆ ತಾನಾಗಿಯೇ ಕಾವೇರುತ್ತದೆ. ಮಾತಾಡದ ಮಕ್ಕಳೂ "ನಾನು ಅವಳ ಕಡೆ" ಅನ್ನುತ್ತಾರೆ. ತಪ್ಪಾದರೂ ಅದು ಪಾತ್ರದ ತಪ್ಪು ತಾನೇ, ಹೆದರಿಕೆ ಇರುವುದಿಲ್ಲ.

ಹಾಗಾಗಿ ನನ್ನ ಮೊದಲ ಆಯ್ಕೆ ಒಂದೇ ಚಿತ್ರ. ತರಬೇತಿಗೂ, ತರಗತಿಗೂ.

ಒಂದು ಕಡೆ ಮಾತ್ರ ಕಥೆಯೇ ಗೆಲ್ಲುತ್ತದೆ: ಹಂತಹಂತವಾಗಿ ಬೆಳೆಯುವ ವಿನ್ಯಾಸಗಳಲ್ಲಿ. ಮೊದಲ ಚೌಕದಲ್ಲಿ 1 ಚುಕ್ಕಿ. ಮುಂದಿನದರಲ್ಲಿ ಅದರ ಬಲಕ್ಕೂ ಕೆಳಕ್ಕೂ ಮೂಲೆಗೂ 3 ಸೇರಿ 4, ಆಮೇಲೆ 5 ಸೇರಿ 9, ಮತ್ತೆ 7 ಸೇರಿ 16. ಬೆಸ ಸಂಖ್ಯೆಗಳನ್ನು ಕೂಡುತ್ತಾ ಹೋದರೆ ವರ್ಗ ಸಂಖ್ಯೆಗಳು ಏಕೆ ಬರುತ್ತವೆ ಅನ್ನುವುದು ಕಣ್ಣಿಗೇ ಕಾಣುತ್ತದೆ. ಇಂಥ ಕಥೆಯಲ್ಲಿ ಕೊನೆಯ ಚೌಕ ಖಾಲಿ ಬಿಡಿ ಅಂತ ಟ್ರೈನಿಗಳಿಗೆ ಹೇಳುತ್ತೇನೆ. ಅದನ್ನು ಮಕ್ಕಳು ತುಂಬುತ್ತಾರೆ.