ಕಾಫಿ ತೋಟದಲ್ಲಿ *99#: ಹಲವು ಮಳೆಗಾಲ ಬಳಸಿದ ಮೇಲೆ ಬರೆಯುತ್ತಿರುವುದು

ಬಟನ್ ಫೋನಿನಲ್ಲಿ *99# ಒತ್ತಿ ಹಸಿರು ಬಟನ್ ಅದುಮಿದರೆ ಬ್ಯಾಂಕ್ ಖಾತೆಯ ಕೆಲಸ ಮಾಡಬಹುದು. ಇಂಟರ್ನೆಟ್ ಬೇಕಿಲ್ಲ. ಈ ಸೇವೆಯನ್ನು ವರ್ಷಗಟ್ಟಲೆ ಬಳಸಿದವನಾಗಿ ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಹಣ ಕಳಿಸೋಕೆ ಇದು ನಿಧಾನ, ಒಮ್ಮೊಮ್ಮೆ ಸತಾಯಿಸುತ್ತದೆ. ಆದರೆ ನಮ್ಮ ಖಾತೆಯಲ್ಲಿ ಎಷ್ಟಿದೆ ಅಂತ ಯಾರನ್ನೂ ಕೇಳದೆ ನಾವೇ ನೋಡಿಕೊಳ್ಳೋಕೆ, ಬಟನ್ ಫೋನ್ ಇರುವವರಿಗೆ ನಮ್ಮ ಕಡೆ ಇದಕ್ಕಿಂತ ಒಳ್ಳೆಯದು ನನಗೆ ಕಂಡಿಲ್ಲ. ಈ ಒಂದು ಕೆಲಸಕ್ಕಾದರೂ ಇದನ್ನು ಎಲ್ಲರೂ ಕಲಿಯಬೇಕು ಅನ್ನೋದು ನನ್ನ ಆಸೆ.

ನಾನು ಮೂಡಿಗೆರೆ ತಾಲ್ಲೂಕಿನ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರ್. ಹಾಜರಿ, ಬಟವಾಡೆ, ಗೊಬ್ಬರದ ಲೆಕ್ಕ ಎಲ್ಲ ನನ್ನದೇ. ನನ್ನ ಹತ್ತಿರ ಟಚ್ ಫೋನೂ ಇದೆ, ಬಟನ್ ಸೆಟ್ಟೂ ಇದೆ. ಕೊಟ್ಟಿಗೆಹಾರ, ಕಳಸದ ಕಡೆಯ ಮಳೆ ಗೊತ್ತಿದ್ದವರಿಗೆ ಎರಡು ಯಾಕೆ ಅಂತ ಹೇಳಬೇಕಾಗಿಲ್ಲ. ಜೂನ್ ಬಂತು ಅಂದರೆ ಲೈನಿನ ಮೇಲೆ ಮರ ಬೀಳುತ್ತದೆ, ಕರೆಂಟ್ ಹೋಗುತ್ತದೆ, ಸ್ವಲ್ಪ ಹೊತ್ತಿಗೆ ಟವರ್ ಕೂಡ ಸೊರಗುತ್ತದೆ. ಮೊದಲು ಸಾಯುವುದು ಡೇಟಾ. ಟಚ್ ಫೋನಿನಲ್ಲಿ ಆ್ಯಪ್ ತೆರೆದರೆ ಚಕ್ರ ಸುಮ್ನೆ ತಿರುಗುತ್ತಾ ಇರುತ್ತದೆ. ಅದೇ ಹೊತ್ತಿಗೆ ಬಟನ್ ಸೆಟ್ಟಿನಲ್ಲಿ ಒಂದೋ ಎರಡೋ ಕಡ್ಡಿ ಸಿಗ್ನಲ್ ಇರುತ್ತದೆ, ಕರೆಯೂ ಹೋಗುತ್ತದೆ. ಆಗ *99# ಕೂಡ ಹೋಗುತ್ತದೆ.

ಯಾಕೆ ಹೋಗುತ್ತದೆ ಅಂದರೆ, ಈ ಸ್ಟಾರ್-ಹ್ಯಾಶ್ ಕೋಡುಗಳಿಗೆ ಡೇಟಾ ಬೇಕಾಗಿಲ್ಲ. ಕರೆ ಜೋಡಿಸೋಕೆ ಫೋನೂ ಟವರೂ ಒಳಗೊಳಗೇ ಸಂದೇಶ ಮಾತಾಡಿಕೊಳ್ಳುವ ಒಂದು ದಾರಿ ಇದೆಯಲ್ಲ, ಅದೇ ದಾರಿಯಲ್ಲಿ ಇವೂ ಓಡಾಡುತ್ತವೆ. ಈ ವಿಧಾನದ ಹೆಸರು ಯುಎಸ್‌ಎಸ್‌ಡಿ. ಎಸ್ಸೆಮ್ಮೆಸ್ ಆದರೆ ನಡುವೆ ಎಲ್ಲೋ ಕೂತು, ಸಿಗ್ನಲ್ ಬಂದಾಗ ನಿಧಾನವಾಗಿ ತಲುಪುತ್ತದೆ. ಇದು ಹಾಗಲ್ಲ. ಎದುರುಬದುರು ನಿಂತು ಮಾತಾಡಿದ ಹಾಗೆ, ಅವರು ಕೇಳಬೇಕು, ನಾವು ಆಗಲೇ ಉತ್ತರ ಕೊಡಬೇಕು. ತಡ ಮಾಡಿದರೆ ಮಾತು ಮುರಿಯಿತು. ಇದರ ಒಳ್ಳೆಯ ಗುಣ, ಕೆಟ್ಟ ಗುಣ ಎರಡೂ ಹೆಚ್ಚಾಗಿ ಇಲ್ಲಿಂದಲೇ ಬರುತ್ತವೆ.

ಸೇವೆ ಹೊಸದಲ್ಲ. ದೇಶದ ಡಿಜಿಟಲ್ ಪಾವತಿ ವ್ಯವಸ್ಥೆ ನಡೆಸುವ ಎನ್‌ಪಿಸಿಐ 2012ರ ನವೆಂಬರ್‌ನಲ್ಲಿ ಶುರು ಮಾಡಿದಾಗ ಬಿಎಸ್‌ಎನ್‌ಎಲ್, ಎಂಟಿಎನ್‌ಎಲ್ ಗ್ರಾಹಕರಿಗೆ ಮಾತ್ರ ಸಿಗುತ್ತಿತ್ತು. 2014ರ ಆಗಸ್ಟ್ 28ರಂದು ಜನಧನ ಯೋಜನೆ ಜೊತೆಗೆ ದೇಶಕ್ಕೆಲ್ಲ ಬಂತು. 2016ರ ಕೊನೆಗೆ ಭೀಮ್ ಆ್ಯಪ್ ಬಂದ ಸಮಯದಲ್ಲಿ ಇದನ್ನೂ ಯುಪಿಐಗೆ ಜೋಡಿಸಿದರು. ಹಳೇ ಕಾಲದಲ್ಲಿ ಒಂದು ಸಲ ಒತ್ತಿದರೆ ಕರೆನ್ಸಿಯಲ್ಲಿ ದುಡ್ಡು ಕಟ್ಟಾಗುತ್ತಿತ್ತು. ಒಂದು ಸಲಕ್ಕೆ ಒಂದೂವರೆ ರೂಪಾಯಿಗಿಂತ ಜಾಸ್ತಿ ತೆಗೆದುಕೊಳ್ಳಬಾರದು ಅಂತ 2013ರಲ್ಲಿ ಫೋನ್ ಕಂಪನಿಗಳ ನಿಯಂತ್ರಣ ಸಂಸ್ಥೆ ಟ್ರಾಯ್ ಮಿತಿ ಹಾಕಿತ್ತು. 2016ರಲ್ಲಿ ಆ ಮಿತಿ 50 ಪೈಸೆಗೆ ಇಳಿಯಿತು. 2022ರಲ್ಲಿ ಶುಲ್ಕವನ್ನೇ ತೆಗೆದುಹಾಕಿದರು. ಇದು ಸಣ್ಣ ವಿಷಯ ಅಲ್ಲ. ಅರ್ಧಕ್ಕೆ ಕಟ್ಟಾದರೂ ದುಡ್ಡು ಹೋಗುತ್ತದೆ ಅನ್ನೋ ಭಯ ಇದ್ದಾಗ ನಮ್ಮ ಲೈನಿನವರು, ಅಂದರೆ ತೋಟದ ಕೆಲಸಗಾರರ ಸಾಲುಮನೆಗಳಲ್ಲಿರುವವರು, ಯಾರೂ ಕೈ ಹಾಕುತ್ತಿರಲಿಲ್ಲ. ಉಚಿತ ಆದ ಮೇಲೆ ಒತ್ತಿ ನೋಡೋಣ ಅನ್ನೋ ಧೈರ್ಯ ಬಂತು.

ಈಗ ನಿಜವಾದ ವಿಷಯಕ್ಕೆ ಬರುತ್ತೇನೆ. ನಮ್ಮ ಲೈನ್ ಮನೆಯ ಹಿರಿಯ ಅಕ್ಕ ಒಬ್ಬರಿಗೆ ಗೃಹಲಕ್ಷ್ಮಿಯ ಎರಡು ಸಾವಿರ ಬರುತ್ತದೆ. ಬಂತಾ ಇಲ್ವಾ ಅಂತ ತಿಳಿಯೋಕೆ ಮೊದಲೆಲ್ಲ ಅರ್ಧ ದಿನದ ಹಾಜರಿ ಬಿಡಬೇಕಿತ್ತು. ಬಸ್ಸಿಗೆ ದುಡ್ಡು, ಬ್ಯಾಂಕಿನಲ್ಲಿ ಕ್ಯೂ, ಪಾಸ್‌ಬುಕ್ ಎಂಟ್ರಿ ಮೆಷಿನ್ ಕೆಟ್ಟಿದ್ದರೆ ನಾಳೆ ಬನ್ನಿ. ಇಲ್ಲದಿದ್ದರೆ ನೆಂಟರ ಹುಡುಗನ ಕೈಗೆ ಎಟಿಎಂ ಕಾರ್ಡ್ ಕೊಟ್ಟು, ಪಿನ್ನನ್ನೂ ಹೇಳಿ ಕಳಿಸಬೇಕಿತ್ತು. ಈಗ ಅವರು *99*3# ಒತ್ತುತ್ತಾರೆ. ಇದು ನೇರವಾಗಿ ಬ್ಯಾಲೆನ್ಸ್‌ಗೆ ಹೋಗುವ ದಾರಿ, ಪೂರ್ತಿ ಮೆನು ದಾಟಬೇಕಾಗಿಲ್ಲ. ಯುಪಿಐ ಪಿನ್ ಕೇಳುತ್ತದೆ, ಎಟಿಎಂ ಪಿನ್ ಅಲ್ಲ. ಗೋಡೆ ಕಡೆ ತಿರುಗಿ, ಸೆರಗು ಅಡ್ಡ ಹಿಡಿದು, ಒಂದೊಂದೇ ಅಂಕಿ ಅದುಮುತ್ತಾರೆ. ಪರದೆ ಮೇಲೆ ಮೊತ್ತ ಬಂದ ತಕ್ಷಣ ಅವರ ಮುಖ ನೋಡಬೇಕು! "ಬಂದದೆ ರೈಟ್ರೇ" ಅನ್ನುತ್ತಾರೆ ಅಷ್ಟೇ. ಎಷ್ಟಿದೆ ಅಂತ ನನಗೂ ಹೇಳುವುದಿಲ್ಲ. ಹೇಳಬೇಕಾಗೂ ಇಲ್ಲ ಅಲ್ವಾ? ಅವರ ದುಡ್ಡಿನ ಗುಟ್ಟು ಅವರ ಹತ್ತಿರವೇ ಉಳಿಯಿತು. ದೊಡ್ಡ ಫೋನ್ ಇರುವವರಿಗೆ ಇದರ ಬೆಲೆ ಬೇಗ ಅರ್ಥ ಆಗಲ್ಲ.

ಸೆರಗು ಅಡ್ಡ ಹಿಡಿಯೋದಕ್ಕೆ ಕಾರಣ ಇದೆ. ಬಟನ್ ಫೋನಿನಲ್ಲಿ ಒತ್ತಿದ ಪಿನ್ ಪರದೆ ಮೇಲೆ ಹಾಗೇ ಕಾಣುತ್ತದೆ. ಆ್ಯಪ್‌ನಲ್ಲಿ ಬರುವಂತೆ ಚುಕ್ಕಿಯಾಗಿ ಮರೆಯಾಗುವುದಿಲ್ಲ. ಬಟವಾಡೆ ದಿನ ಎಲ್ಲರೂ ಗುಂಪಾಗಿ ನಿಂತಿರುವಾಗ ಇದು ದೊಡ್ಡ ತೊಂದರೆ. ನಾನು ಎಲ್ಲರಿಗೂ ಹೇಳುವುದು ಒಂದೇ, ಪಿನ್ ಒತ್ತುವಾಗ ಪಕ್ಕದಲ್ಲಿ ಯಾರೂ ಇರಬಾರದು, ರೈಟರೂ ಇರಬಾರದು.

ಇನ್ನೊಂದು ಕೋಡು ಕಡಿಮೆ ಜನಕ್ಕೆ ಗೊತ್ತು: *99*99#. ಆಧಾರ್ ಯಾವ ಬ್ಯಾಂಕಿಗೆ ಸೇರಿಕೊಂಡಿದೆ ಅಂತ ತಿಳಿಯೋಕೆ ಇರುವ ಕೋಡು ಇದು. ಸರ್ಕಾರದ ದುಡ್ಡು ಆಧಾರ್ ಜೋಡಣೆ ಆಗಿರುವ ಖಾತೆಗೆ ಬೀಳುತ್ತದೆ. ನೀವು ನೋಡುತ್ತಿರುವ ಖಾತೆ ಬೇರೆ ಆಗಿದ್ದರೆ ಎಷ್ಟು ಸಲ ನೋಡಿದರೂ ಅಲ್ಲಿ ಏನೂ ಬಂದಿರುವುದಿಲ್ಲ. ಹಣ ಬಂದಿಲ್ಲ ಅಂತ ಕಚೇರಿ ಅಲೆಯುವ ಮುಂಚೆ ಇದೊಂದನ್ನು ನೋಡಿಕೊಳ್ಳಿ.

ಮೊದಲ ಸಲ ಶುರು ಮಾಡೋದೇ ಕಷ್ಟದ ಭಾಗ. ಬ್ಯಾಂಕಿಗೆ ಕೊಟ್ಟಿರುವ ನಂಬರಿನ ಸಿಮ್‌ನಿಂದಲೇ ಒತ್ತಬೇಕು. ಎರಡು ಸಿಮ್ ಇರುವ ಸೆಟ್ಟಿನಲ್ಲಿ ಜನ ಇಲ್ಲೇ ಎಡವುತ್ತಾರೆ. ಆಮೇಲೆ ಬ್ಯಾಂಕನ್ನು ಗುರುತಿಸೋಕೆ ಬ್ಯಾಂಕ್ ಶಾಖೆಯ ಗುರುತಾದ ಐಎಫ್‌ಎಸ್‌ಸಿ ಕೋಡಿನ ಮೊದಲ ನಾಲ್ಕು ಅಕ್ಷರ ಕೇಳುತ್ತದೆ. ಕೆನರಾ ಬ್ಯಾಂಕ್ ಆದರೆ ಸಿ, ಎನ್, ಆರ್, ಬಿ. ಬಟನ್ ಫೋನಿನಲ್ಲಿ ಇದನ್ನು ಒತ್ತೋದು ಹೇಗೆ ಗೊತ್ತಾ? ಸಿ ಬರಬೇಕಾದರೆ 2ನ್ನು ಮೂರು ಸಲ, ಎನ್‌ಗೆ 6ನ್ನು ಎರಡು ಸಲ, ಆರ್‌ಗೆ 7ನ್ನು ಮೂರು ಸಲ, ಬಿಗೆ ಮತ್ತೆ 2ನ್ನು ಎರಡು ಸಲ. ಅದಕ್ಕೂ ಮುಂಚೆ ಅಂಕಿಯಿಂದ ಅಕ್ಷರಕ್ಕೆ ಬದಲಾಯಿಸಬೇಕು, ನನ್ನ ಸೆಟ್ಟಿನಲ್ಲಿ ಅದು ಹ್ಯಾಶ್ ಬಟನ್. ಇಂಗ್ಲಿಷ್ ಅಕ್ಷರ ಗೊತ್ತಿಲ್ಲದವರು ಇಷ್ಟು ಮಾಡುವಷ್ಟರಲ್ಲಿ ಸಮಯ ಮುಗಿದು ಪರದೆ ಖಾಲಿ. ಇದಾದ ಮೇಲೆ ಡೆಬಿಟ್ ಕಾರ್ಡಿನ ಕೊನೆಯ ಆರು ಅಂಕಿ, ಕಾರ್ಡಿನ ಅವಧಿ ಮುಗಿಯುವ ತಿಂಗಳು, ವರ್ಷ ಹಾಕಿ ಪಿನ್ ಮಾಡಿಕೊಳ್ಳಬೇಕು. ಜನಧನ ಖಾತೆಗೆ ರುಪೇ ಕಾರ್ಡ್ ಬಂದಿರುತ್ತದೆ. ಆದರೆ ಎಷ್ಟೋ ಮನೆಗಳಲ್ಲಿ ಅದು ಟ್ರಂಕಿನ ತಳದಲ್ಲಿ ಅವಧಿ ಮುಗಿದು ಕೂತಿರುತ್ತದೆ.

ಕನ್ನಡದ ಬಗ್ಗೆ ಹೇಳಲೇಬೇಕು. ಸೇವೆ ಸಿಗುವ 13 ಭಾಷೆಗಳಲ್ಲಿ ಕನ್ನಡವೂ ಇದೆ. ಇದು ಸಂತೋಷದ ವಿಷಯ. ಆದರೆ ಯುಎಸ್‌ಎಸ್‌ಡಿಯ ಒಂದು ಸಂದೇಶದಲ್ಲಿ ಇಂಗ್ಲಿಷ್ ಆದರೆ 182 ಅಕ್ಷರ ಹಿಡಿಯುತ್ತದೆ, ಕನ್ನಡದಂಥ ಲಿಪಿಗೆ 80 ಮಾತ್ರ. ಆ 80ರಲ್ಲಿ ಕಾಗುಣಿತದ ಗುರುತು, ಅನುಸ್ವಾರದ ಸೊನ್ನೆ, ಒತ್ತಿಗೆ ಬಳಸುವ ಚಿಹ್ನೆ ಎಲ್ಲವೂ ಬೇರೆ ಬೇರೆ ಲೆಕ್ಕ. 'ಬ್ಯಾಂಕ್' ಅಂತ ಬರೆದರೆ ಏಳು ಖರ್ಚಾಯಿತು. ಜೊತೆಗೆ ಅಗ್ಗದ ಸೆಟ್ಟುಗಳಲ್ಲಿ ಕನ್ನಡ ಅಕ್ಷರವೇ ಇರುವುದಿಲ್ಲ, ಚೌಕದ ಸಾಲು ಕಾಣುತ್ತದೆ. ಫೋನ್ ಕೊಳ್ಳುವಾಗ ಅಂಗಡಿಯಲ್ಲೇ ಒಂದು ಕನ್ನಡ ಮೆಸೇಜ್ ತರಿಸಿ ನೋಡಿ. ನಮ್ಮ ಲೈನಿನಲ್ಲಿ ಹೆಚ್ಚಿನವರು ಇಂಗ್ಲಿಷ್ ಮೆನುವನ್ನೇ ಅಂಕಿ ಲೆಕ್ಕದಲ್ಲಿ ನೆನಪಿಟ್ಟುಕೊಂಡಿದ್ದಾರೆ. ಕಳಿಸೋಕೆ 1, ಬ್ಯಾಲೆನ್ಸ್‌ಗೆ 3, ಪಿನ್ ಕೆಲಸಕ್ಕೆ 7. ಓದು ಬಾರದವರಿಗೂ ಇದು ಬಾಯಿಪಾಠ ಆಗಿದೆ. ಅದಕ್ಕೇ ಮೆನುವಿನ ಅಂಕಿಗಳನ್ನು ದಯವಿಟ್ಟು ಯಾವತ್ತೂ ಅದಲುಬದಲು ಮಾಡಬೇಡಿ ಅಂತ ಕೇಳಿಕೊಳ್ಳುತ್ತೇನೆ.

ಹಣ ಕಳಿಸೋದರಲ್ಲಿ ನನ್ನ ಅನುಭವ ಮಿಶ್ರ. ಗಿಡಗಳಿಗೆ ರೋಗ ತಡೆಯುವ ಬೋರ್ಡೋ ದ್ರಾವಣ ಹೊಡೆಯುವ ಸಮಯದಲ್ಲಿ ಮೈಲುತುತ್ತ, ಸುಣ್ಣಕ್ಕೆ ಅಂಗಡಿಯವರಿಗೆ ಮುಂಗಡ ಕಳಿಸುತ್ತೇನೆ. ಹಾಸನದ ಹಾಸ್ಟೆಲಿನಲ್ಲಿರುವ ಮಗಳಿಗೂ ಇದರಲ್ಲೇ ಕಳಿಸಿದ್ದಿದೆ. 1 ಒತ್ತಿ, ಮತ್ತೆ 1 ಒತ್ತಿ ಮೊಬೈಲ್ ನಂಬರ್ ಕೊಟ್ಟರೆ ಆ ಕಡೆಯವರ ಹೆಸರು ಬರುತ್ತದೆ. ಈ ಹೆಸರು ಬರೋದು ತುಂಬಾ ಒಳ್ಳೆಯದು, ನಂಬರ್ ತಪ್ಪಿದ್ದರೆ ಅಲ್ಲೇ ಗೊತ್ತಾಗುತ್ತದೆ. ಮೊತ್ತ ಹಾಕಿ, ಟಿಪ್ಪಣಿ ಬೇಡ ಅಂತ 1 ಒತ್ತಿ, ಪಿನ್ ಕೊಡಬೇಕು. ಒಂದು ಸಲಕ್ಕೆ 5,000 ರೂಪಾಯಿ ಮಿತಿ. ಕ್ಯೂಆರ್ ಸ್ಕ್ಯಾನ್ ಮಾಡೋಕೆ ಆಗಲ್ಲ. ನಂಬರಿಗೆ ಕಳಿಸಿದರೆ ನಾನು ಹೋಗುವ ಅಂಗಡಿಯ ಸೌಂಡ್ ಬಾಕ್ಸ್ ಕೂಗುವುದೂ ಇಲ್ಲ, ಅವರು ಮೆಸೇಜ್ ತೆರೆದು ನೋಡುವ ತನಕ ಕಾಯಬೇಕು.

ಎದೆ ಹೊಡೆದುಕೊಳ್ಳುವ ಜಾಗ ಪಿನ್ ಒತ್ತಿದ ಮೇಲಿನದು. ಮಳೆಯಲ್ಲಿ ಸಿಗ್ನಲ್ ಕೈಕೊಟ್ಟು ಅಲ್ಲೇ ಕಟ್ಟಾದರೆ ಹಣ ಹೋಯಿತಾ, ಉಳಿಯಿತಾ ಗೊತ್ತಾಗಲ್ಲ. ಆಗ ಮತ್ತೆ ಕಳಿಸಲೇಬೇಡಿ. ಮೊದಲು *99*3# ಒತ್ತಿ ಬ್ಯಾಲೆನ್ಸ್ ನೋಡಿ. ಕಡಿಮೆ ಆಗಿದ್ದರೆ ಆ ಕಡೆಯವರನ್ನು ಕೇಳಿ. ನಮ್ಮ ಖಾತೆಯಲ್ಲಿ ಕಟ್ಟಾಗಿ ಅವರಿಗೆ ಸೇರದಿದ್ದರೆ, ಮಾರನೇ ದಿನದೊಳಗೆ ತಾನಾಗಿ ವಾಪಸ್ ಬರಬೇಕು. ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕು. ಇದು 2019ರ ಸೆಪ್ಟೆಂಬರ್‌ನಲ್ಲಿ ರಿಸರ್ವ್ ಬ್ಯಾಂಕ್ ಮಾಡಿದ ನಿಯಮ. ನನ್ನದೊಂದು ಮೊತ್ತ ಹೀಗೆ ಸಿಕ್ಕಿಹಾಕಿಕೊಂಡಾಗ ಬ್ಯಾಂಕ್ ಶಾಖೆಯೊಂದರಲ್ಲಿ "ಬಟನ್ ಫೋನಿನದು ನಮಗೆ ಬರಲ್ಲ" ಅಂತ ಸಾಗಹಾಕಲು ನೋಡಿದರು. ಈ ನಿಯಮ ಹೇಳಿ ದೂರು ಬರೆದುಕೊಟ್ಟ ಮೇಲೆ ದಾಖಲಿಸಿಕೊಂಡರು, ಹಣ ವಾಪಸ್ ಬಂತು. ಬಟನ್ ಫೋನಿನವರೂ ಅದೇ ಬ್ಯಾಂಕಿನ ಗ್ರಾಹಕರೇ. ಅವರನ್ನು ಹೀಗೆ ನಡೆಸಿಕೊಳ್ಳುವುದು ನನಗೆ ಇವತ್ತಿಗೂ ಸಹಿಸೋಕೆ ಆಗಲ್ಲ.

ಕರೆ ಮಾಡಿ ಹಣ ಕಳಿಸುವ ಯುಪಿಐ 123ಪೇ ಕೂಡ ಪ್ರಯತ್ನಿಸಿದ್ದೇನೆ. ಅದು 2022ರ ಮಾರ್ಚ್ 8ರಂದು ಬಂತು. ಅದರ ಮಿತಿಯನ್ನು 5,000ದಿಂದ 10,000ಕ್ಕೆ ಏರಿಸುವುದಾಗಿ ರಿಸರ್ವ್ ಬ್ಯಾಂಕ್ 2024ರ ಅಕ್ಟೋಬರ್‌ನಲ್ಲಿ ಹೇಳಿತು. ಕಿವಿಯಲ್ಲಿ ಕೇಳಿ ಒತ್ತೋದು ಓದು ಬಾರದವರಿಗೆ ಸುಲಭ. ಆದರೆ ಕರೆ ಕೊನೆತನಕ ಕಟ್ಟಾಗದೆ ನಿಲ್ಲಬೇಕು. ಪೇಟೆಯಲ್ಲಿ ಅದು ವಾಸಿ, ತೋಟದೊಳಗೆ *99# ವಾಸಿ.

ಮೋಸದ ಬಗ್ಗೆ ಒಂದು ಮಾತು, ಯಾಕೆಂದರೆ ಸ್ಟಾರ್-ಹ್ಯಾಶ್ ಕಲಿತವರನ್ನೇ ಕಳ್ಳರು ಹಿಡಿಯುತ್ತಾರೆ. ಕೊರಿಯರ್ ಬಂದಿದೆ, ಸಿಮ್ ಬಂದ್ ಆಗುತ್ತದೆ ಅಂತ ಕರೆ ಮಾಡಿ, *401* ಒತ್ತಿ ಮುಂದೆ ಒಂದು ನಂಬರ್ ಹಾಕಿ ಅನ್ನುತ್ತಾರೆ. ಒತ್ತಿದರೆ ನಿಮಗೆ ಬರಬೇಕಾದ ಕರೆಗಳು ಅವರಿಗೆ ಹೋಗುತ್ತವೆ, ಕರೆಯಲ್ಲಿ ಹೇಳುವ ಓಟಿಪಿ ಕೂಡ. ಇದಕ್ಕೇ ಯುಎಸ್‌ಎಸ್‌ಡಿ ಮೂಲಕ ಮಾಡುವ ಕಾಲ್ ಫಾರ್ವರ್ಡಿಂಗನ್ನು 2024ರ ಏಪ್ರಿಲ್ 15ರಿಂದ ನಿಲ್ಲಿಸಿ ಅಂತ ದೂರಸಂಪರ್ಕ ಇಲಾಖೆ ಕಂಪನಿಗಳಿಗೆ ಆದೇಶ ಕೊಟ್ಟಿತು. ಆದರೂ ಅನುಮಾನ ಬಂದರೆ *#21# ಒತ್ತಿ ನೋಡಿ, ##002# ಒತ್ತಿದರೆ ಎಲ್ಲ ಫಾರ್ವರ್ಡಿಂಗ್ ರದ್ದು. ದುಡ್ಡು ಹೋಗಿದ್ದರೆ ತಡ ಮಾಡದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಫೋನಿನಲ್ಲಿ ಯಾರೇ ಕೋಡ್ ಹೇಳಿಕೊಟ್ಟರೂ ಒತ್ತಬೇಡಿ ಅಂತ ನಮ್ಮ ಲೈನಿನಲ್ಲಿ ಪ್ರತಿ ಬಟವಾಡೆಗೂ ಹೇಳುತ್ತೇನೆ.

ಹೊಸದಾಗಿ ಶುರು ಮಾಡುವವರು ಮಳೆಗಾಲಕ್ಕೆ ಕಾಯಬೇಡಿ. ಬೇಸಿಗೆಯಲ್ಲೇ, ಸಿಗ್ನಲ್ ಗಟ್ಟಿ ಇರುವ ಕಡೆ ನಿಂತು ಪಿನ್ ಮಾಡಿಕೊಳ್ಳಿ. ಬ್ಯಾಂಕಿನ ನಾಲ್ಕು ಅಕ್ಷರಕ್ಕೆ ಯಾವ ಬಟನ್ ಎಷ್ಟು ಸಲ ಅಂತ ಚೀಟಿಯಲ್ಲಿ ಬರೆದಿಟ್ಟುಕೊಂಡು ಶುರು ಮಾಡಿದರೆ ಸಮಯ ಮೀರುವುದಿಲ್ಲ. *99*3# ಅನ್ನು ಫೋನ್‌ಬುಕ್ಕಿನಲ್ಲಿ ಸೇವ್ ಮಾಡಿ, ನನ್ನ ಸೆಟ್ಟಿನಲ್ಲಿ ಅಲ್ಲಿಂದಲೇ ಹೋಗುತ್ತದೆ. ಪಿನ್ ಮಾತ್ರ ಚೀಟಿಯಲ್ಲೂ ಬೇಡ, ಫೋನಿನಲ್ಲೂ ಬೇಡ. ನಡುವೆ ಎಲ್ಲಾದರೂ ಸಿಕ್ಕಿಹಾಕಿಕೊಂಡರೆ 14431ಕ್ಕೆ ಕರೆ ಮಾಡಿ ಕೇಳಿ. ಅದು ಡಿಜಿಸಾಥಿ ಸಹಾಯವಾಣಿ, ಬಟನ್ ಫೋನಿನಿಂದಲೂ ಹೋಗುತ್ತದೆ.