ಬಿಸಿಲಿಗೆ ಕುಸಿದರೆ: ಪರಿಹಾರದ ಅರ್ಜಿಯೋ, ದೂರೋ?

ಕ್ಯಾಲಿಫೋರ್ನಿಯಾದ ತೋಟದಲ್ಲಿ ಬಿಸಿಲಿಗೆ ತಲೆಸುತ್ತಿ ಬಿದ್ದ ಕಾರ್ಮಿಕರಿಗೆ ಎರಡು ದಾರಿ ಇವೆ.

ಒಂದು, ವರ್ಕರ್ಸ್ ಕಾಂಪೆನ್ಸೇಷನ್, ಅಂದ್ರೆ ಕೆಲಸದಿಂದ ಗಾಯ, ಕಾಯಿಲೆ ಆದರೆ ಸಿಗುವ ಪರಿಹಾರಕ್ಕೆ ಅರ್ಜಿ. ತಪ್ಪು ಯಾರದು ಅಂತ ಕೇಳುವುದಿಲ್ಲ. ವಲಸೆಯ ಕಾಗದಪತ್ರ ಇಲ್ಲದವರಿಗೂ ಹಕ್ಕಿದೆ. 30 ದಿನದೊಳಗೆ ಮಾಲೀಕರಿಗೆ ತಿಳಿಸಿ. ಅರ್ಜಿ ಪರಿಶೀಲನೆಯಲ್ಲಿದ್ದಾಗಲೂ 10,000 ಡಾಲರ್‌ವರೆಗೆ ಚಿಕಿತ್ಸೆ ಸಿಗುತ್ತದೆ. ಕಷ್ಟ ಏನಂದ್ರೆ, ಕೆಲಸದಿಂದಲೇ ಕಾಯಿಲೆ ಬಂತು ಅಂತ ಕಾರ್ಮಿಕರೇ ತೋರಿಸಬೇಕು. ಬಿದ್ದ ಹೊತ್ತು, ಜೊತೆಗಿದ್ದವರ ಹೆಸರು ಅವತ್ತೇ ಬರೆದಿಡಿ. ಡಾಕ್ಟರಿಗೆ "ತೋಟದಲ್ಲಿ ಬಿದ್ದೆ" ಅಂತ ಮರೆಯದೆ ಹೇಳಿ.

ಇನ್ನೊಂದು, ಕ್ಯಾಲ್-ಓಶಾಗೆ, ಅಂದ್ರೆ ಕೆಲಸದ ಜಾಗದ ಸುರಕ್ಷತೆ ನೋಡಿಕೊಳ್ಳುವ ರಾಜ್ಯದ ಇಲಾಖೆಗೆ ದೂರು. 80 ಡಿಗ್ರಿ ಫ್ಯಾರನ್‌ಹೀಟ್ ದಾಟಿದರೆ ನೆರಳು ಇರಲೇಬೇಕು ಅಂತ ನಿಯಮವಿದೆ, ಕುಡಿಯುವ ತಣ್ಣೀರೂ ಕಡ್ಡಾಯ. ದೂರು ಕೊಟ್ಟವರ ಹೆಸರು ಗುಟ್ಟಾಗಿರುತ್ತದೆ. ಮಾಲೀಕರಿಗೆ ದಂಡ ಬೀಳಬಹುದು, ನಿಮ್ಮ ಆಸ್ಪತ್ರೆ ಬಿಲ್ ಮಾತ್ರ ತೀರುವುದಿಲ್ಲ.

ಅದಕ್ಕೇ ಅರ್ಜಿ ಮೊದಲು. ನೆರಳೇ ಇಲ್ಲದ ತೋಟವಾದರೆ ದೂರನ್ನೂ ಕೊಡಿ, ಒಂದಕ್ಕೊಂದು ಅಡ್ಡಿಯಿಲ್ಲ.