ಏಳೂವರೆ ಸಾವಿರದ ಪ್ರೊಜೆಕ್ಟರ್: ಬ್ಲೂಟೂತ್ ನಂಬಬ್ಯಾಡ್ರಿ, ವೈರ್ ಹಾಕ್ರಿ

ನಮ್ಮ ಕೊಪ್ಪಳದಾಗ ಏಳೂವರೆ ಸಾವಿರ ಕೊಟ್ಟು ಸಣ್ಣ ಪ್ರೊಜೆಕ್ಟರ್ ತಗೊಂಡು ಮೂರು ವಾರ ಆತು. ಕಂಪನಿ ಹೆಸರು, ಅಂಗಡಿ ಹೆಸರು ಬ್ಯಾಡ ಬಿಡ್ರಿ. ಮೊದಲನೇ ವಾರ ಸಿನಿಮಾ, ಕ್ರಿಕೆಟ್ ನೋಡಿದ್ವಿ, ಏನೂ ತಕರಾರಿಲ್ಲ. ಇದರ ಖರೇ ಹಣೆಬರಹ ಗೊತ್ತಾಗಿದ್ದು ಮಾಳಗಿ ಮ್ಯಾಲ ಬಿಳಿ ಚಾದರ ಕಟ್ಟಿ ಫಿಶಿಂಗರ್ ಪಿಕ್ಚರ್ ಹಾಕಿದ ರಾತ್ರಿ.

ಆಸ್ಕರ್ ಫಿಶಿಂಗರ್ ಅಂದ್ರ ಜರ್ಮನಿಯಾಗ 1900ರಾಗ ಹುಟ್ಟಿದಂವ. ಇವನ ಪಿಕ್ಚರಿನ್ಯಾಗ ಹೀರೋ ಇಲ್ಲ, ಕಥಿ ಇಲ್ಲ, ಬರೇ ಗೆರಿ, ವೃತ್ತ, ಚೌಕ ಮ್ಯೂಸಿಕ್ಕಿಗೆ ಕುಣೀತಾವ. ‘ಸ್ಟಡಿ ನಂಬರ್ 7’ 1931ರದ್ದು, ಬ್ರಾಮ್ಸ್ ಅನ್ನೋ ಸಂಗೀತಗಾರನ ಹಂಗೇರಿಯನ್ ಡ್ಯಾನ್ಸ್ ನಂಬರ್ 5 ಅನ್ನೋ ಮ್ಯೂಸಿಕ್ಕಿಗೆ ಮಾಡಿದ್ದು, ಮೂರು ನಿಮಿಷನೂ ಇಲ್ಲ. ಬಿಳಿ ಹಾಳಿ ಮ್ಯಾಲ ಇದ್ದಲಿಲೆ ಒಂದೊಂದ ಚಿತ್ರ ಬರದು, ಅದರ ನೆಗೆಟಿವ್ ತೋರ್ಸಿದ್ದಕ್ಕ ಕಪ್ಪಿನ್ಯಾಗ ಬಿಳಿ ಗೆರಿ ಕಾಣ್ತಾವ. ಪಿಟೀಲು ಸರ್ರಂತ ಎಳದ್ರ ಗೆರಿನೂ ಸರ್ರಂತ ಬಾಗಬೇಕು, ಗಕ್ಕನ ನಿಂತ್ರ ಗಕ್ಕನ ನಿಲ್ಲಬೇಕು. ನಮ್ಮದ್ರಾಗ ಗೆರಿ ಹಾರಿ ಹೋಗಿ ಆಗಿರ್ತಿತ್ತು, ಪಿಟೀಲು ಆಮ್ಯಾಲ ಬರ್ತಿತ್ತು. ನನಗ ಏನೋ ಸರಿ ಇಲ್ಲ ಅನಿಸ್ತು ಅಷ್ಟ, ಏನಂತ ಹೊಳೀಲಿಲ್ಲ. ಹೇಳಿದ್ದು ನಮ್ಮವ್ವ: "ಗೊಂಬಿ ಮುಂದ, ಹಾಡು ಹಿಂದ ಆಗೇತಿ ನೋಡಪಾ." ಆಕಿ ತೊಗಲುಗೊಂಬಿ ಆಟ ನೋಡಿ ಬೆಳದಾಕಿ, ನಮ್ಮ ಜಿಲ್ಲಾದ ಮೋರನಾಳದ ತೊಗಲುಗೊಂಬಿ ಕಲಾವಿದೆ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಾಗ ಪದ್ಮಶ್ರೀ ಬಂದಾಗ ಟಿವಿ ಮುಂದ ಕುಂತು ಓಣಿಗೆಲ್ಲಾ ಕೇಳೋ ಹಂಗ ಹೇಳಿದ್ಲು, ಆಕಿ ಕಣ್ಣಿಗೆ ತಾಳ ತಪ್ಪಿದ್ದು ತಟ್ಟನ ಬಿತ್ತು.

ದೋಷ ಪ್ರೊಜೆಕ್ಟರಿಗೆ ಹಚ್ಚಿದ್ದ ಬ್ಲೂಟೂತ್ ಸ್ಪೀಕರಿಂದು. ಸೌಂಡ್ ಗಂಟು ಕಟ್ಟಿ ಕಳಿಸಿ ಆ ಕಡಿ ಬಿಚ್ಚೂದ್ರಾಗ ತಡ ಆಗ್ತೈತಿ, ಕಾಲು ಸೆಕೆಂಡ್ ಅಂತ ಹಿಡದ್ರೂ ಸೆಕೆಂಡಿಗೆ 24 ಫ್ರೇಮ್ ಲೆಕ್ಕದಾಗ ಆರು ಫ್ರೇಮ್ ಹೋತು. ಆ ಪುಣ್ಯಾತ್ಮ ಕೈಲೆ ಬರದ ಚಿತ್ರ ಅವು! ಡಬ್ಬಿಂಗ್ ಸಿನಿಮಾದಾಗ ತುಟಿಗೂ ಮಾತಿಗೂ ಸೇರಲಾರದ್ದು ನಮಗ ರೂಢಿ ಆಗಿಬಿಟ್ಟೈತಿ, ಅದಕ್ಕ ಒಂದು ವಾರ ಪತ್ತೇನ ಹತ್ತಿಲ್ಲ.

ಮರುದಿನ 80 ರೂಪಾಯಿ ಕೊಟ್ಟು ಪ್ರೊಜೆಕ್ಟರಿಂದ ಸ್ಪೀಕರಿಗೆ ಸೌಂಡ್ ಒಯ್ಯೋ ಆಕ್ಸ್ ವೈರ್ ತಂದು ಚುಚ್ಚಿದೆ. ಗೆರಿ, ಪಿಟೀಲು ಎರಡೂ ಕೂಡೇ ಬಂದ್ವು ನೋಡ್ರಿ, ಮೈ ಜುಮ್ಮಂತು. ಅದರ ಹಿಂದ ‘ಆ್ಯನ್ ಆಪ್ಟಿಕಲ್ ಪೊಯಮ್’ ಹಾಕಿದೆ, 1938ರಾಗ ಹಾಲಿವುಡ್ಡಿನ ಎಂಜಿಎಂ ಸಿನಿಮಾ ಕಂಪನಿಗೆ ಮಾಡಿದ್ದು, ಬಣ್ಣದ ಕಾಗದ ಕತ್ತರಿಸಿ ತಂತಿಗೆ ತೂಗಹಾಕಿ ಒಂದೊಂದ ಫ್ರೇಮ್ ಸರಿಸಿ ತಗದಾನ. ಮ್ಯೂಸಿಕ್ ಶುರು ಆತು, ಅಕ್ಕನ ಮಗ "ಮಾಮಾ, ಟಾಮ್ ಆ್ಯಂಡ್ ಜೆರ್ರಿ!" ಅಂತ ಚೀರಿದ. ಹೌದು, ಲಿಸ್ಟ್ ಅನ್ನೋ ಸಂಗೀತಗಾರನ ಹಂಗೇರಿಯನ್ ರಾಪ್ಸಡಿ ನಂಬರ್ 2, ಟಾಮ್ ಕೋಟು ಹಾಕ್ಕೊಂಡು ಪಿಯಾನೋ ಬಾರಿಸ್ತಾನಲ್ಲ, ಅದ. ಆ ಕಾರ್ಟೂನೂ ಎಂಜಿಎಂದ, ಒಂಬತ್ತು ವರ್ಷ ಆದಮ್ಯಾಲ ಬಂದಿದ್ದು.

‘ಮೋಷನ್ ಪೇಂಟಿಂಗ್ ನಂಬರ್ 1’ (1947) ಮಾತ್ರ ಬ್ಲೂಟೂತ್‌ನ್ಯಾಗೂ ನಡೀತೈತಿ. ಬಾಖ್‌ನ ಬ್ರಾಂಡೆನ್‌ಬರ್ಗ್ ಕನ್ಸರ್ಟೋ ನಂಬರ್ 3 ಮ್ಯೂಸಿಕ್ ಇದ್ರೂ ಅಲ್ಲಿ ಗೆರಿ ಬೀಟಿಗೆ ಅಂಟ್ಕೊಂಡಿಲ್ಲ, ತನ್ನ ಪಾಡಿಗೆ ತಾ ಬೆಳೀತೈತಿ. ಪ್ಲೆಕ್ಸಿಗ್ಲಾಸ್ ಅನ್ನೋ ಗಾಜಿನಂಥ ಪ್ಲಾಸ್ಟಿಕ್ ಮ್ಯಾಲ ಎಣ್ಣಿ ಬಣ್ಣ ಒಂದೊಂದ ಗೀರು ಹಚ್ಚೂದು, ಒಂದೊಂದ ಫ್ರೇಮ್ ಹೊಡಿಯೂದು, ಹಿಂಗ 11 ನಿಮಿಷ.

ಪ್ರೊಜೆಕ್ಟರಿಗೆ ಬಣ್ಣ ಚಲೋ ಬರ್ತಾವ, ಕಪ್ಪು ಮಾತ್ರ ಕಪ್ಪಲ್ಲ, ಒಲಿ ಬೂದಿ ಬಣ್ಣ. ಇದ್ದಲಿನ ಪಿಕ್ಚರಿಗೆ ಇದ ದೊಡ್ಡ ಹೊಡ್ತ, ಓಣಿ ಲೈಟ್ ಬಿದ್ರಂತೂ ಕೇಳಬ್ಯಾಡ್ರಿ. ಫ್ಯಾನ್ ಸದ್ದು ಐತಿ. ಐದಕ್ಕ ಮೂರು ಕೊಡ್ತೀನಿ. ವೈರ್ ತಗೊಳ್ಳೋರು ಉದ್ದಂದ ತಗೋರಿ, ನಂದು ಗಿಡ್ಡ ಆಗಿ ಸ್ಪೀಕರ್ ಅವ್ವನ ತೊಡಿ ಮ್ಯಾಲ ಇಡಬೇಕಾಗೈತಿ.